ಎರಡನೇ ಗುಂಪಿನ ಒಪ್ಪತ್ತು

ಅವರ ಕೈಗೆ ಯಾವ ವಾಸನೆಯೂ ಇರಲಿಲ್ಲ. ಬೆಳಗ್ಗೆ ಹಸು ಕರೆದು, ತಿಂಡಿ ತಿಂದು, ಬಸ್ಸಿನ ಕಂಬಿ ಹಿಡಿದು ಹಾಸನಕ್ಕೆ ಬರುವ ಮನುಷ್ಯನ ಕೈ ಏನಾದರೊಂದು ನಾರುತ್ತದೆ. ಅವರದು ನಾರುತ್ತಿರಲಿಲ್ಲ. ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿಕೊಂಡಿದ್ದರು. ಬಿಸಿನೀರಲ್ಲಿ ತೊಳೆದು ತೊಳೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಎಡಗೈ ತೋರುಬೆರಳಿನ ಮೇಲೆ ಸಾಸಿವೆ ಕಾಳಿನ ಗಾತ್ರದ ಬಿಳಿ ಚುಕ್ಕಿಗಳು, ಏಳೋ ಎಂಟೋ. ಇಲಿ ಕಚ್ಚಿದ ಗುರುತುಗಳು. "ಇವೆಲ್ಲ ಮೊದಲ್ನೇ ವರ್ಷದ್ದು ಕಣವ್ವಾ," ಎಂದು ತೋರಿಸಿದ್ದರು. "ಆಮ್ಯಾಲೆ ಒಂದೂ ಕಚ್ಚಿಲ್ಲ. ಅವಕ್ಕೂ ಬುದ್ಧಿ ಬಂತು, ನಂಗೂ ಬಂತು."

ಹಾಸನದ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ. ಅವರು ಅಲ್ಲಿ ಪ್ರಾಣಿಮನೆಯ ಸಹಾಯಕರು. ಔಷಧಿಗಳನ್ನು ಪರೀಕ್ಷಿಸಲು ಸಾಕಿದ ಬಿಳಿ ಇಲಿಗಳಿಗೆ ಮೇವು, ನೀರು, ಹಾಸುವ ಭತ್ತದ ಹೊಟ್ಟು ಎಲ್ಲ ಅವರದೇ ಜವಾಬ್ದಾರಿ. ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನಾ ಮೊದಲನೇ ಬಸ್ಸಿಗೆ ಬರುತ್ತಿದ್ದರು. ಒಂಬತ್ತು ವರ್ಷದಿಂದ ಗುತ್ತಿಗೆ ಕೆಲಸ. ಹುಡುಗರು, ಹುಡುಗಿಯರು, ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.

ಮೊದಲ ದಿನ ನಾನು ಒಂದು ಮೊಳ ಮಲ್ಲಿಗೆ ಮುಡಿದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಊ ತೆಗ್ದು ಮಡಗ್ಬುಟ್ಟು ಬಾ."

"ಯಾಕಣ್ಣಾ?"

"ಇವು ಮೂಗಲ್ಲೇ ನೋಡೋವು. ಇವತ್ತು ನಿನ್ನ ಮಲ್ಲಿಗೆ ಅಂತ ಗುರ್ತು ಮಡಿಕ್ಕೊತವೆ. ನಾಳೆ ನೀನು ಬರೀ ತಲೇಲಿ ಬಂದ್ರೆ, ಇವಳ್ಯಾವಳೋ ಬ್ಯಾರೆಯೋಳು ಅಂತ ಎದ್ರುಕೊತವೆ. ಎದ್ರುಕೊಂಡಿರೋ ಇಲಿಯಿಂದ ನೀನು ಏನ್ ತಿಳ್ಕೊಂಡೀಯೆ?"

ಆಮೇಲೆ ಗೊತ್ತಾಯಿತು, ಅವರು ತಲೆಗೆ ಎಣ್ಣೆಯನ್ನೂ ಹಚ್ಚುತ್ತಿರಲಿಲ್ಲ. ಕೂದಲು ಒಣಹುಲ್ಲಿನ ಹಾಗೆ ನಿಂತಿರುತ್ತಿತ್ತು. ಹೆಂಡತಿಯ ತಮ್ಮನ ಮದುವೆಯಲ್ಲೂ ಎಣ್ಣೆ ಹಚ್ಚಿಕೊಳ್ಳದೆ ಓಡಾಡಿ ಬೈಸಿಕೊಂಡಿದ್ದರಂತೆ. "ಇಲಿಗಳಿಗೋಸ್ಕರ ನನ್ನ ಮರ್ವಾದೆ ಕಳೀತೀಯಲ್ಲಾ ಅಂದ್ಲು. ಅವ್ಳು ಸಂಬಳ ಕೊಡ್ತಾಳಾ?" ಎಂದು ನಗುತ್ತಿದ್ದರು.

ಇಲಿಯ ಬಾಯಿಗೆ ನಳಿಗೆ ಇಟ್ಟು ಔಷಧಿ ಹೊಟ್ಟೆಗಿಳಿಸುವುದನ್ನು ಪುಸ್ತಕ ಕಲಿಸಲಿಲ್ಲ, ಸಂಶೋಧನೆ ಮಾಡಿಸುವ ಗೈಡೂ ಕಲಿಸಲಿಲ್ಲ. ಅವರು ಕಲಿಸಿದರು. ನಾನು ಉಸಿರು ಕಟ್ಟಿ ಬಿಗಿಯಾಗಿ ಹಿಡಿಯುತ್ತಿದ್ದೆ. ಇಲಿ ಹೆದರಿ ಒದ್ದಾಡುತ್ತಿತ್ತು. "ಎದ್ರುಕೊಂಡೂ ಇಡೀಬ್ಯಾಡ, ಕ್ವಾಪದಲ್ಲೂ ಇಡೀಬ್ಯಾಡ. ನೀನ್ ಮೊದ್ಲು ಉಸ್ರು ಬುಡು. ಆಮ್ಯಾಲೆ ಅದೂ ಬುಡ್ತದೆ." ನಾನು ಉಸಿರು ಬಿಟ್ಟೆ. ಅದೂ ಬಿಟ್ಟಿತು. ಈಗ ನಾನು ಪಾಠ ಹೇಳುವ ಹುಡುಗರಿಗೆ ಇದನ್ನು ಇದೇ ಮಾತಿನಲ್ಲಿ ಹೇಳುತ್ತೇನೆ. ಬೇರೆ ಮಾತು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನಾನು ಪರೀಕ್ಷೆಗೆ ಆರಿಸಿಕೊಂಡದ್ದು ತಂಗಡಿ ಹೂವನ್ನು. ಪುಸ್ತಕದಲ್ಲಿ ಅದಕ್ಕೆ ಆವರಿಕೆ ಎನ್ನುತ್ತಾರೆ. ನಮ್ಮ ಚನ್ನರಾಯಪಟ್ಟಣದ ಕಡೆ ಹೊಲದ ಬದುವಿನಲ್ಲಿ, ರಸ್ತೆ ಅಂಚಿನಲ್ಲಿ ಯಾರೂ ನೀರು ಹಾಕದೆ ಹಳದಿಗೆ ಅರಳಿ ನಿಲ್ಲುವ ಗಿಡ. ಸಕ್ಕರೆ ಕಾಯಿಲೆಯವರು ಅದರ ಹೂವನ್ನು ಕುದಿಸಿ ಕುಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕುಡಿದರೆ ಗುಣವಾಗುತ್ತದೆ ಎನ್ನುವವರು ಬೇಕಾದಷ್ಟು ಜನ. ನಿಜವಾಗಿ ಆಗುತ್ತದೆಯೇ, ಆದರೆ ಎಷ್ಟು, ಅದನ್ನು ನೋಡುವುದು ನನ್ನ ಕೆಲಸ. ಬಾಗೂರು ರಸ್ತೆಯ ಬದಿಯಲ್ಲಿ ಅಪ್ಪನ ಜೊತೆ ಮೂರು ಬೆಳಗ್ಗೆ ಹೂ ಕಿತ್ತೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಲ್ಯಾಬಿನಲ್ಲಿ ಅದರ ಸಾರ ಇಳಿಸಿದೆ. ಕೊನೆಗೆ ಕಾಕಂಬಿಯಂಥ ಕಪ್ಪು ಅಂಟು ಒಂದು ಲೋಟದಷ್ಟು ಉಳಿಯಿತು.

ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ತಂಗಡಿಯಾ? ನಮ್ಮಕ್ಕ ದಿನಾ ಕುಡೀತಾಳಲ್ಲಾ!"

ಅವರ ಅಕ್ಕ ಅವರ ಮನೆಯಲ್ಲೇ ಇದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಸಕ್ಕರೆ ಕಾಯಿಲೆ ಬಲಿತು, ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. ಚುಚ್ಚುತ್ತಿದ್ದವರು ಅಣ್ಣನೇ. ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ ಒಂದು, ಸಂಜೆ ಹೋದ ಮೇಲೆ ಒಂದು. ಅಕ್ಕನಿಗೆ ಸೂಜಿ ಸಾಕಾಗಿತ್ತು. ಹೂವಿನ ಕಷಾಯವೇ ಸಾಕು, ಸೂಜಿ ಬಿಡುತ್ತೇನೆ ಎಂದು ಹಟ ಮಾಡುತ್ತಿದ್ದರು. ನನ್ನ ಪರೀಕ್ಷೆಯ ಸುದ್ದಿ ಮನೆಗೆ ಹೋದ ಮೇಲೆ ಹಟ ಇನ್ನೂ ಜೋರಾಯಿತು. ಸೋಮವಾರ ಬಂದರೆ ಅಣ್ಣ ಕೇಳುತ್ತಿದ್ದರು: "ಏನಾರ ಗೊತ್ತಾಯ್ತಾ ಅವ್ವಾ? ಅಕ್ಕ ಕಾಯ್ತಾ ಅವ್ಳೆ. ನಿಮ್ ಮೇಡಮ್ಮು ಆಗ್ತದೆ ಅಂದ್ರೆ ಆ ಸೂಜಿ ತಗೊಂಡೋಗಿ ಒಳೇಗೆ ಎಸೀತೀನಿ ಅಂತಾಳೆ."

"ಇನ್ನೂ ಇಲ್ಲ ಅಣ್ಣಾ. ಸೂಜಿ ಬಿಡಬಾರದು ಅಂತ ಹೇಳಿ."

"ಯೇಳಿದೀನಿ. ನಾನ್ ಯೇಳುದ್ರೆ ಕೇಳಾಕಿಲ್ಲ. ನಿನ್ನ ಇಲಿ ಯೇಳುದ್ರೆ ಕೇಳ್ತಾಳಂತೆ."

ಪರೀಕ್ಷೆ ಹೇಗೆ ಎಂದು ಇಲ್ಲಿ ಹೇಳಬೇಕು. ಮೂವತ್ತು ಇಲಿ, ಆರಾರರಂತೆ ಐದು ಗುಂಪು. ಒಂದನೇ ಗುಂಪಿನವು ಆರೋಗ್ಯವಾಗಿರುವ ಇಲಿಗಳು. ಉಳಿದ ನಾಲ್ಕು ಗುಂಪಿಗೂ ಚುಚ್ಚುಮದ್ದು ಕೊಟ್ಟು ಸಕ್ಕರೆ ಕಾಯಿಲೆ ಬರಿಸುತ್ತೇವೆ. ಅವುಗಳಲ್ಲಿ ಎರಡನೇ ಗುಂಪಿಗೆ ಔಷಧಿ ಇಲ್ಲ, ಬರೀ ನೀರು. ಮೂರನೆಯದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆ. ನಾಲ್ಕು ಮತ್ತು ಐದನೆಯದಕ್ಕೆ ಹೂವಿನ ಸಾರ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು. ಇಪ್ಪತ್ತೆಂಟು ದಿನ. ವಾರಕ್ಕೊಮ್ಮೆ ಸಂಜೆ ಮೇವು ತೆಗೆದು ರಾತ್ರಿಯಿಡೀ ಉಪವಾಸ ಇಟ್ಟು, ಬೆಳಗ್ಗೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಎಷ್ಟಿದೆ ಎಂದು ನೋಡಬೇಕು. ಔಷಧಿ ಇಲ್ಲದ ಎರಡನೇ ಗುಂಪಿಗೂ ಹೂವಿನ ಗುಂಪುಗಳಿಗೂ ಎಷ್ಟು ಅಂತರವೋ ಅಷ್ಟು ಹೂವಿನ ಗುಣ.

ಅಣ್ಣನಿಗೆ ಎರಡನೇ ಗುಂಪಿನದೇ ಚಿಂತೆ. ಕಾಯಿಲೆ ಬಂದ ಇಲಿ ನೀರು ಹೆಚ್ಚು ಕುಡಿಯುತ್ತದೆ, ಹೊಟ್ಟು ಬೇಗ ಒದ್ದೆಯಾಗುತ್ತದೆ. ಆ ಗುಂಪಿನ ಎರಡು ಪಂಜರಗಳ ಹೊಟ್ಟನ್ನು ಅವರು ದಿನಕ್ಕೆ ಎರಡು ಸಲ ಬದಲಾಯಿಸುತ್ತಿದ್ದರು. ಒಂದು ದಿನ ಕೇಳಿದರು: "ಕಾಯ್ಲೆ ಬಂದಿರೋ ಮಿಕ್ಕೋವ್ಕೆಲ್ಲಾ ಔಷ್ದಿ, ಇವ್ಕೆ ಬರೀ ನೀರು. ಇವು ಏನ್ ತಪ್ಪು ಮಾಡಿದ್ವು?"

"ತಪ್ಪಲ್ಲ ಅಣ್ಣಾ. ಇವು ಹೀಗೆ ಇದ್ದರೇ ಅವು ಹೇಗಿವೆ ಅಂತ ಗೊತ್ತಾಗೋದು."

ನನಗೆ ಬಸ್ಸಿನ ಹೊತ್ತಾಗಿತ್ತು. ಅಷ್ಟು ಹೇಳಿ ಹೊರಟೆ. ಉಪವಾಸ ಏಕೆ ಇಡುತ್ತೇವೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದಕ್ಕೆ ಮುಂಚೆ ಆ ಪ್ರಾಣಿಮನೆಯಲ್ಲಿ ನಡೆದದ್ದೆಲ್ಲ ನೋವು, ಊತ, ಗಾಯ ಮಾಯುವುದು ಇಂಥ ಪರೀಕ್ಷೆಗಳು. ಸಕ್ಕರೆ ಕಾಯಿಲೆಯದು ಅವರಿಗೂ ಅದೇ ಮೊದಲು. ಮೇವು ತೆಗೆಯುವ ಸಂಜೆ ಬಂದಾಗ ಅವರು ಅದಕ್ಕೆ ತಮ್ಮದೇ ಹೆಸರಿಟ್ಟರು. "ಇವತ್ತು ಇವ್ಕೆ ಒಪ್ಪತ್ತು ಕಣವ್ವಾ." ಅವರ ಮನೆಯಲ್ಲಿ ಶನಿವಾರ ಎಲ್ಲರೂ ಒಪ್ಪತ್ತು, ದಿನಕ್ಕೆ ಒಂದೇ ಊಟ. ನಾನು ನಕ್ಕೆ. ಮೇವಿನ ಬಟ್ಟಲು ತೆಗೆದು, ತೂಕ ಬರೆದು, ಐದೂವರೆ ಬಸ್ಸಿಗೆ ಓಡಿದೆ. ಪ್ರಾಣಿಮನೆಗೆ ಬೀಗ ಹಾಕಿ ಹೊರಡುವುದು ಅವರು, ಆರು ಗಂಟೆಗೆ.

ಇಪ್ಪತ್ತೆಂಟನೇ ದಿನ ಕೊನೆಯ ರಕ್ತ ತೆಗೆದೆವು. ಆ ದಿನವೇ ಇಲಿಗಳನ್ನು ಕೊಂದು ಒಳಗಿನ ಅಂಗಗಳನ್ನು ನೋಡಬೇಕು. ಅಂಥ ದಿನಗಳಲ್ಲಿ ಬೇರೆ ಕಡೆಯ ಸಹಾಯಕರು ರಜೆ ಹಾಕುವುದನ್ನು ನೋಡಿದ್ದೇನೆ. ಅಣ್ಣ ಹಾಕುತ್ತಿರಲಿಲ್ಲ. "ಹುಟ್ಟಿದಾಗ್ಲಿಂದ ಇವು ಕಂಡಿರೋ ಕೈ ಇದು. ಕೊನೇಲಿ ಬ್ಯಾರೆ ಯಾರ್ದೋ ಕೈ ಯಾಕೆ?" ಮೂವತ್ತನ್ನೂ ಅವರೇ ಒಂದೊಂದಾಗಿ ಎತ್ತಿ ತಂದು ಕೊಟ್ಟರು. ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ನಾಲ್ಕು ದಿನ ಕಳೆದು ನಾನು ಲೆಕ್ಕ ಹಾಕಿ ನಕ್ಷೆ ಬರೆದೆ. ನೋಡಿ ನನಗೇ ನಂಬಿಕೆ ಬರಲಿಲ್ಲ. ಎರಡನೇ ಗುಂಪಿನ ಗೆರೆ ವಾರದಿಂದ ವಾರಕ್ಕೆ ಮೇಲಕ್ಕೆ ಹೋಗಿತ್ತು. ಹೂವಿನ ಗುಂಪುಗಳ ಗೆರೆ ಅದಕ್ಕಿಂತ ಬಹಳ ಕೆಳಗೆ, ಮಾತ್ರೆಯದು ಇನ್ನೂ ಕೆಳಗೆ. ನಮ್ಮ ಗೈಡ್ ಸಂಗೀತಗಾರರ ಊರು ರುದ್ರಪಟ್ಟಣದ ಕಡೆಯವರು. ಯೋಚಿಸುವಾಗ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುವುದು ಅವರ ಅಭ್ಯಾಸ. ಅವತ್ತು ನಕ್ಷೆ ನೋಡಿ ಎರಡೂ ಕೈಯಲ್ಲಿ ಹಾಕಿದರು. "ಇದು ಸಮ್ಮೇಳನಕ್ಕೆ ಹೋಗುವಂಥದ್ದು ಕಣಮ್ಮಾ," ಎಂದು ಆ ಸಂಜೆಯೇ ಸಾರಾಂಶ ಬರೆಯಲು ಕುಳಿತರು. ನಾನು ಲ್ಯಾಬಿನವರಿಗೆಲ್ಲ ಬೇಕರಿಯಿಂದ ಸಿಹಿ ತಂದೆ. ಸಕ್ಕರೆ ಕಾಯಿಲೆ ಗೆದ್ದದ್ದಕ್ಕೆ ಸಿಹಿಯಾ ಎಂದು ಎಲ್ಲರೂ ನಕ್ಕರು. ಅಣ್ಣನಿಗೆ ಸಿಹಿಯ ಜೊತೆ ನಕ್ಷೆಯನ್ನೂ ತೋರಿಸಿದೆ.

"ನೋಡಿ ಅಣ್ಣಾ, ಈ ಕೆಳಗಿನದು ನಮ್ಮ ತಂಗಡಿ."

"ಮ್ಯಾಗ್ಲುದು?"

"ಔಷಧಿ ಕೊಡದೆ ಇದ್ದದ್ದು. ನಿಮ್ಮ ಎರಡನೇ ಗುಂಪು. ಎರಡಕ್ಕೂ ಎಷ್ಟು ಅಂತರ ನೋಡಿ. ಉಪವಾಸದಲ್ಲೂ ಇವಕ್ಕೆ ಸಕ್ಕರೆ ಇಷ್ಟು ಏರಿದೆ."

"ಉಪಾಸದಲ್ಲೂ ಅಂದ್ರೆ?"

"ಹೊಟ್ಟೆಗೆ ಏನೂ ಹೋಗಿರಬಾರದು. ಹೋದರೆ ಸಕ್ಕರೆ ಏರುತ್ತೆ. ಅದು ಕಾಯಿಲೆಯ ಸಕ್ಕರೆಯೋ ಊಟದ ಸಕ್ಕರೆಯೋ ಗೊತ್ತಾಗಲ್ಲ. ಅದಕ್ಕೇ ಅಲ್ವಾ ನಾವು ಮೇವು ತೆಗೆಯೋದು."

ಅವರು ನಕ್ಷೆಯನ್ನು ತುಂಬ ಹೊತ್ತು ನೋಡಿದರು. ಸಿಹಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದು ಹೋದರು. ಅವರ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಮಾರನೇ ದಿನ ಬೆಳಗ್ಗೆ ನಾನು ಲ್ಯಾಬಿಗೆ ಬಂದಾಗ ಅವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ನಿಂತಿದ್ದರು. ಲ್ಯಾಬಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ.

"ಕೂತ್ಕೊ ಅವ್ವಾ. ಒಂದ್ ಮಾತು ಐತೆ."

ಕುಳಿತೆ.

"ಆ ಮ್ಯಾಗ್ಲು ಗೆರೆ ಐತಲ್ಲಾ. ಅದ್ನ ಮ್ಯಾಕೆ ಎತ್ತಿರೋನು ನಾನು."

"ಅಂದರೆ?" ಎಂದೆ.

"ಒಪ್ಪತ್ತಿನ ದಿನ ನೀನು ಬಸ್ಸಿಗೆ ಓದ್ಮ್ಯಾಲೆ ಎರಡ್ನೇ ಗುಂಪಿಗೆ ನನ್ ಡಬ್ಬಿಯಿಂದ ಮುದ್ದೆ ಆಕ್ತಿದ್ದೆ. ಆರಕ್ಕೂ. ಒಂದೊಂದಕ್ಕೆ ಒಂದ್ ಗೋಲಿ ಗಾತ್ರ."

"ಎಷ್ಟು ಸಲ?"

"ನಾಕೂ ವಾರ. ಕೊನೇ ಎರ್ಡು ವಾರ ವಸಿ ಜಾಸ್ತಿನೇ ಆಕ್ದೆ. ಬಡವಾಗಿದ್ವು."

"ಯಾಕಣ್ಣಾ?"

"ಮಿಕ್ಕೋವ್ಕೆ ಔಷ್ದಿನಾರ ಇತ್ತು. ಇವ್ಕೆ ಔಷ್ದಿನೂ ಇಲ್ಲ, ಕೂಳೂ ಇಲ್ಲ. ಕಾಯ್ಲೆ ಬಿದ್ದೋರ್ನ ಒಪ್ಪತ್ತು ಇರ್ಸಾದು ನಮ್ ಮನೇಲಿಲ್ಲ ಕಣವ್ವಾ. ಶನಿವಾರ ನಾವೆಲ್ಲಾ ಉಪಾಸ ಇದ್ರೂ ಅಕ್ಕಂಗೆ ಮಾತ್ರ ಮೂರೊತ್ತೂ ಇಕ್ಕೇ ಇಕ್ತೀವಿ. ಅಂಗೇ ಅನ್ಕೊಂಡ್ಬುಟ್ಟೆ."

ಅವರು ಅಳುತ್ತಿರಲಿಲ್ಲ. ತಲೆಯನ್ನೂ ತಗ್ಗಿಸಿರಲಿಲ್ಲ. ನಾನು ಅವತ್ತು ಮೊದಲು ಏನು ಕೇಳಿದೆ ಎನ್ನುವುದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಯಾರಿಗಾದರೂ ಹೇಳಿದ್ದೀರಾ?" ಎಂದು ಕೇಳಿದೆ.

"ಇಲ್ಲಿ ಯಾರ್ಗೂ ಇಲ್ಲ," ಎಂದರು. "ಸಾಹೇಬ್ರಿಗೆ ನೀನ್ ಯೇಳ್ತೀಯೋ, ನಾನ್ ಯೇಳ್ಲೋ?" ನಾನು ಕುಳಿತಲ್ಲಿಂದ ಏಳಲಿಲ್ಲ. ಅವರೇ ಹೋದರು. ನಾನು ಹಿಂದೆ ಹೋದೆ.

ಗೈಡ್ ಎಲ್ಲವನ್ನೂ ಕೇಳಿದರು. ಮೇಜಿನ ಮೇಲಿನ ಬೆರಳು ನಿಂತಿತು. "ಅಲ್ಲಯ್ಯಾ, ಮುಂದಿನ ತಿಂಗಳು ನಿನ್ನ ಕಾಯಂ ಫೈಲು ಕಮಿಟಿ ಮುಂದೆ ಹೋಗುತ್ತೆ. ಗೊತ್ತಿದೆಯಾ ನಿನಗೆ?"

"ಗೊತ್ತದೆ ಸಾ."

"ಇದನ್ನ ನಾನು ಬರೆದು ಕೊಡಲೇಬೇಕಾಗುತ್ತೆ."

"ಬರ್ಕೊಡಿ ಸಾ."

"ನೀನು ಸುಮ್ಮನೆ ಇದ್ದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?" ಗದರುವ ದನಿ ಅಲ್ಲ ಅದು. ನಿಜವಾಗಿ ತಿಳಿಯಬೇಕೆಂದು ಕೇಳಿದ ಹಾಗಿತ್ತು.

"ಯಾರ್ಗೂ ಗೊತ್ತಾಯ್ತಿರ್ನಿಲ್ಲ ಸಾ. ಅದ್ಕೇ ಬಂದೆ."

ಗೈಡ್ ಸಮ್ಮೇಳನಕ್ಕೆ ಬರೆದಿದ್ದ ಹಾಳೆಯನ್ನು ಎರಡು ಮಡಿಕೆ ಮಾಡಿ ಡ್ರಾಯರಿನೊಳಗೆ ಇಟ್ಟರು. ನನ್ನ ಕಡೆ ತಿರುಗಿ, "ಮೊದಲಿಂದ ಮಾಡೋಣ. ಇಲಿ ಬಳಸೋದಕ್ಕೆ ನೈತಿಕ ಸಮಿತಿಗೆ ಅರ್ಜಿ ಹಾಕು. ಮತ್ತೆ ಮೂವತ್ತು," ಎಂದರು.

ಆಗ ಅಣ್ಣನ ಮುಖ ಬದಲಾಯಿತು. "ಮೂವತ್ತಾ ಸಾ? ಆರು ಸಾಲ್ದಾ? ತಪ್ಪಾಗಿರೋದು ಆರ್ರಲ್ಲಿ."

"ಆಗಲ್ಲಪ್ಪ. ಎಲ್ಲ ಒಂದೇ ಕಾಲದಲ್ಲಿ, ಒಂದೇ ಮೇವಲ್ಲಿ, ಒಂದೇ ಕೈಯಲ್ಲಿ ನಡೀಬೇಕು. ಹೋಲಿಸೋದಕ್ಕೆ ಬೇರೆ ದಾರಿ ಇಲ್ಲ."

ಅವರು ಹೊರಗೆ ಹೋಗಿ ಪ್ರಾಣಿಮನೆಯ ಮೆಟ್ಟಿಲ ಮೇಲೆ, ಹೊಟ್ಟಿನ ಮೂಟೆಗಳ ಪಕ್ಕದಲ್ಲಿ ಕುಳಿತರು. ನೌಕರಿಯ ಮಾತು ಬಂದಾಗ ಅಲುಗದ ಮನುಷ್ಯ, ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. "ಒಂದ್ ಇಡಿ ಮುದ್ದೆಗೆ ಅರವತ್ತು ಜೀವ," ಎಂದರು. ಬಹಳ ಹೊತ್ತಾದ ಮೇಲೆ ಎದ್ದು, ಒಳಗೆ ಹೋಗಿ, ಖಾಲಿ ಪಂಜರಗಳನ್ನು ತೊಳೆಯಲು ತೆಗೆದರು.

ಎರಡನೇ ಸಲದ ಇಪ್ಪತ್ತೆಂಟು ದಿನಗಳಲ್ಲಿ ನಾನು ಕಂಡ ಅಣ್ಣ ಬೇರೆಯೇ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಒಂದೊಂದನ್ನೂ ಕೇಳಿದರು. ಈ ಚುಚ್ಚುಮದ್ದು ಇಲಿಯ ಒಳಗೆ ಏನು ಮಾಡುತ್ತದೆ? ಬಾಲದಿಂದಲೇ ಏಕೆ ರಕ್ತ? ಬರೀ ನೀರನ್ನೂ ನಳಿಗೆಯಲ್ಲೇ ಏಕೆ ಕೊಡಬೇಕು? ಗೊತ್ತಿದ್ದದ್ದನ್ನು ಹೇಳಿದೆ. ಒಂದೆರಡಕ್ಕೆ ನನಗೇ ಉತ್ತರ ಗೊತ್ತಿರಲಿಲ್ಲ, ಗೈಡನ್ನು ಕೇಳಿ ಬಂದು ಹೇಳಿದೆ. ಉಪವಾಸದ ಸಂಜೆ ಬಂದಾಗ ಪ್ರಾಣಿಮನೆಯ ಬಾಗಿಲಲ್ಲಿ ನಿಂತು ಊಟದ ಡಬ್ಬಿ ಬಿಚ್ಚಿ ನನ್ನ ಮುಂದೆ ಹಿಡಿದರು.

"ನೋಡು."

"ಬೇಡ ಅಣ್ಣಾ, ಏನಿದು."

"ಸಂಕೋಚ ಬ್ಯಾಡ. ನೋಡಿ ಸೈನ್ ಮಾಡು."

ಒಂದು ಹಳೇ ನೋಟುಪುಸ್ತಕದಲ್ಲಿ ಅವರೇ ಗೆರೆ ಎಳೆದಿದ್ದರು. ದಿನಾಂಕ, ಮೇವು ತೆಗೆದ ಹೊತ್ತು, ಡಬ್ಬಿ ಖಾಲಿ, ಬೀಗದ ಕೈ ಯಾರ ಹತ್ತಿರ. ನಾನು ನೋಡಿ ಸೈನ್ ಮಾಡಿದೆ. ಅವರು ಬೀಗ ಹಾಕಿ ಕೈಯನ್ನು ನನಗೆ ಕೊಟ್ಟು, ನನ್ನ ಜೊತೆಗೇ ಹೊರಟರು. ಬಸ್ ಸ್ಟ್ಯಾಂಡಿನವರೆಗೂ ಬಂದರು. ನನ್ನ ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, "ಎರಡ್ನೇ ಗೂಡಿಂದು ಒಂದು ಬೋ ಬಡವಾಗದೆ. ಬೆಳಗ್ಗೆ ಬಿರ್ರನೆ ಬಾ," ಎಂದರು. ಬೆಳಗ್ಗೆ ನಾನು ಬಂದಾಗ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಎಂಟು ಗಂಟೆಯ ಒಳಗೆ ರಕ್ತ ತೆಗೆದು ಮುಗಿಯಿತು. ಎಂಟು ದಾಟಿ ಒಂದು ನಿಮಿಷಕ್ಕೆ ಎಲ್ಲ ಪಂಜರದಲ್ಲೂ ಮೇವು ಇತ್ತು.

ಈ ಸಲದ ನಕ್ಷೆಯನ್ನು ನಾನು ಮೊದಲು ತೋರಿಸಿದ್ದು ಅವರಿಗೆ. ಗೆರೆಗಳು ಹತ್ತಿರ ಹತ್ತಿರ ಬಂದಿದ್ದವು. ಹೂವಿನ ಸಾರ ಹೆಚ್ಚು ಕೊಟ್ಟ ಗುಂಪಿನಲ್ಲಿ ಸಕ್ಕರೆ ಸ್ವಲ್ಪ ಇಳಿದಿತ್ತು. ಇಳಿದದ್ದು ನಿಜ, ಆದರೆ ಸ್ವಲ್ಪವೇ. ಕಡಿಮೆ ಕೊಟ್ಟ ಗುಂಪಿನಲ್ಲಿ ಇಳಿದಿದೆ ಎಂದು ಹೇಳುವ ಹಾಗಿರಲಿಲ್ಲ. ಮಾತ್ರೆಯ ಹತ್ತಿರಕ್ಕೆ ಎರಡೂ ಬರಲಿಲ್ಲ.

"ಅಂಗಾರೆ ಸೂಜಿ ಬುಡೋ ಅಂಗಿಲ್ಲ," ಎಂದರು.

"ಇಲ್ಲ ಅಣ್ಣಾ."

"ಸರಿ." ಹಾಳೆಯನ್ನು ವಾಪಸು ಕೊಟ್ಟರು. "ಇವಾಗ ಸರಿಯಾಯ್ತು."

ಪ್ರಬಂಧದಲ್ಲಿ ಮೊದಲನೇ ಪರೀಕ್ಷೆ ಏಕೆ ಕೆಟ್ಟಿತು ಎಂದು ಬರೆಯಬೇಕಾಗಿತ್ತು. ಉಪವಾಸದ ನಿರ್ವಹಣೆಯಲ್ಲಿ ಲೋಪವಾಯಿತು ಎಂದು ಒಂದು ವಾಕ್ಯ ಬರೆದು ಅವರಿಗೆ ಓದಿ ಹೇಳಿದೆ. ಅವರಿಗೆ ಸರಿಬರಲಿಲ್ಲ. "ಲೋಪ ಅಂದ್ರೆ? ಯಾರೋ ಏನೋ ಮಾಡುದ್ರು ಅಂದಂಗೆ ಆಯ್ತು. ಮುಂದಕ್ಕೆ ಓದೋ ಹುಡುಗ್ರಿಗೆ ಏನ್ ತಿಳೀತದೆ? ಇಂಥೋನು, ಇಂಥಾ ದಿನ, ಇಂಥಾ ಗೂಡಿಗೆ ರಾಗಿ ಮುದ್ದೆ ಆಕ್ದ ಅಂತ ಬರಿ." ಗೈಡ್ ಒಂದು ಕ್ಷಣ ಯೋಚಿಸಿ, "ಹಾಗೇ ಬರೀಮ್ಮ," ಎಂದರು. ಹಾಗೇ ಬರೆದೆ, ಹೆಸರು ಸಮೇತ. ಕೃತಜ್ಞತೆಯ ಪುಟದಲ್ಲೂ ಅವರ ಹೆಸರು ಹಾಕಲು ಹೊರಟಾಗ, "ಒಂದ್ ಕಡೆ ಇದ್ರೆ ಸಾಕು," ಎಂದು ಬೇಡವೆಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ನಿಮ್ಮ ಪ್ರಾಣಿಮನೆ ನೋಡಬಹುದಾ?" ಎಂದರು. ಕರೆದುಕೊಂಡು ಹೋದೆವು. ಅಣ್ಣ ಬಾಗಿಲಲ್ಲಿ ಕೈ ಅಡ್ಡ ಹಿಡಿದರು.

"ಜೇಬಲ್ಲಿ ತಿನ್ನೋದು ಏನಾರ ಐತಾ ಸಾ?"

ನಮ್ಮ ಗೈಡಿನ ಮುಖ ಕೆಂಪಗಾಯಿತು. ಪರೀಕ್ಷಕರು ಕೋಟಿನ ಜೇಬಿಗೆ ಕೈ ಹಾಕಿ ಎರಡು ಏಲಕ್ಕಿ ತೆಗೆದು ಕೊಟ್ಟರು. ಅಣ್ಣ ಅವನ್ನು ಕಿಟಕಿಯ ಮೇಲಿಟ್ಟು, "ಓಗ್ತಾ ತಗೊಳ್ಳಿ ಸಾ," ಎಂದು ಒಳಗೆ ಬಿಟ್ಟರು. ಅಲ್ಲಿ ಪರೀಕ್ಷಕರು ನನ್ನನ್ನೂ ಗೈಡನ್ನೂ ಏನೂ ಕೇಳಲಿಲ್ಲ. ಕೇಳಿದ್ದೆಲ್ಲ ಅಣ್ಣನನ್ನೇ. ಅಣ್ಣ ಪ್ರತಿಯೊಂದಕ್ಕೂ ಉತ್ತರ ಹೇಳಿದರು, ನಿಧಾನವಾಗಿ, ಒಂದು ಪಂಜರದಿಂದ ಇನ್ನೊಂದಕ್ಕೆ ನಡೆಯುತ್ತಾ. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಆ ದಿನ ನನಗೆ ಪದವಿ ಸಿಕ್ಕಿತು. ಆದರೆ ನೆನೆಸಿಕೊಂಡರೆ ಇವತ್ತಿಗೂ ಎದೆ ತುಂಬಿ ಬರುವುದು ಆ ಅರ್ಧ ಗಂಟೆಗೆ.

ಅವರ ಕಾಯಂ ಫೈಲು ಆ ವರ್ಷ ವಾಪಸು ಬಂತು. ಮುಂದಿನ ವರ್ಷವೂ ಬಂತು. ಮೂರನೇ ವರ್ಷ ಆಯಿತು. ಆ ಬಗ್ಗೆ ಅವರು ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ. ಅಷ್ಟರಲ್ಲಿ ನಾನು ಅರಕಲಗೂಡಿಗೆ ಮದುವೆಯಾಗಿ ಹೋಗಿ, ಹಾಸನದಲ್ಲೇ ಬೇರೆ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದೆ. ಹಳೆಯ ಕಾಲೇಜಿನಿಂದ ಬಂದ ಹುಡುಗರು ಹೇಳುತ್ತಿದ್ದರು: ಹೊಸಬರು ಯಾರೇ ಬಂದರೂ ಅಣ್ಣ ಬಾಗಿಲಲ್ಲಿ ನಿಲ್ಲಿಸಿ, "ಉಪಾಸ ಯಾಕೆ ಮಡಗ್ತೀವಿ ಯೇಳು," ಎಂದು ಕೇಳುತ್ತಾರೆ. ಹೇಳದಿದ್ದರೆ ಓದಿಕೊಂಡು ಬಾ ಎಂದು ಕಳಿಸುತ್ತಾರೆ. ಪ್ರೊಫೆಸರರನ್ನೂ ಕೇಳಿದ್ದಾರಂತೆ.

ಕಳೆದ ತಿಂಗಳು ಅವರು ತೀರಿಕೊಂಡರು. ಎದೆನೋವು ಎಂದು ಬೆಳಗ್ಗೆ ಹೊಳೆನರಸೀಪುರದ ಆಸ್ಪತ್ರೆಗೆ ಹೋದವರು ಮಧ್ಯಾಹ್ನ ಇಲ್ಲ. ನನಗೆ ಸುದ್ದಿ ತಡವಾಗಿ ಬಂತು. ಹೋಗುವಷ್ಟರಲ್ಲಿ ತಿಥಿ ಮುಗಿದಿತ್ತು. ಜಗಲಿಯ ಮೇಲೆ ಅಕ್ಕ ಕುಳಿತಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳಿದೆ.

"ಓ, ತಂಗಡಿ ಊವಿನೋಳಾ ನೀನು!" ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಸೂಜಿ ತಗೋತಿದ್ದೀರಾ ಅಕ್ಕಾ?" ಮೊದಲು ಕೇಳಲು ನನಗೆ ಬೇರೆ ಏನೂ ತೋಚಲಿಲ್ಲ.

"ತಗೋತಿವ್ನಿ ಕಣವ್ವಾ. ಇವಾಗ ಅವ್ನ ಮಗಳು ಚುಚ್ತಾಳೆ. ಬುಡು ಅಂದ್ರೂ ಬುಡಾಕಿಲ್ಲ, ಅಪ್ಪನಂಗೇ." ಆಮೇಲೆ ತಾವಾಗಿಯೇ ಹೇಳಿದರು. "ಅವತ್ತು ಸಿಹಿ ತಂದ್ಕೊಟ್ಟ. ಊವು ಗೆದ್ದದೆ ಅಂತ ಮೇಡಮ್ಮು ಕೊಟ್ಲು ಅಂದ. ನಾನು, ಅಂಗಾರೆ ನಾಳಿಂದ ಸೂಜಿ ಬ್ಯಾಡ ಬುಡು ಅಂದೆ. ಅದಕ್ಕೆ, ಇಲ್ಲ ಅಕ್ಕಾ, ಅದು ಊವು ಗೆದ್ದಿದ್ದಲ್ಲ, ನಾನು ಮುದ್ದೆ ಆಕಿ ಗೆಲ್ಸಿದ್ದು ಅಂದ. ಯಾರ್ಗ್ಲಾ ಗೊತ್ತು, ಬಾಯ್ಮುಚ್ಕೊಂಡು ಇರ್ಲಾ, ಕೆಲ್ಸ ಕಾಯಂ ಆಗೋ ಹೊತ್ತು ಅಂತ ಬೋ ಬೈದೆ. ಏನಂದ ಗೊತ್ತಾ? ನಿಂಗೆ ನಾನ್ ಯೇಳ್ದೆ, ನೀನು ಸೂಜಿ ಬುಡಾಕಿಲ್ಲ. ಊರಲ್ಲಿರೋ ಮಿಕ್ಕಿದ ಅಕ್ಕಂದ್ರಿಗೆ ಯಾರು ಯೇಳ್ತಾರೆ ಅಂದ."

ಹಿಂದಿರುಗುವ ಬಸ್ಸಿನಲ್ಲಿ ನಾನು ಇದನ್ನು ಬರೆಯಬೇಕೆಂದುಕೊಂಡೆ. ಬರೆಯಲು ಕುಳಿತ ಮೇಲೆ, ಇದುವರೆಗೆ ಯಾರಿಗೂ ಹೇಳದ ಒಂದು ಮಾತನ್ನೂ ಬರೆಯದೆ ವಿಧಿಯಿಲ್ಲ ಎಂದು ಗೊತ್ತಾಯಿತು. ಮೊದಲನೇ ಪರೀಕ್ಷೆಯ ಎರಡನೇ ವಾರ, ರಕ್ತ ತೆಗೆಯುವ ಬೆಳಗ್ಗೆ, ಎರಡನೇ ಗುಂಪಿನ ಒಂದು ಪಂಜರದ ಮೂಲೆಯಲ್ಲಿ ಹೊಟ್ಟಿನ ನಡುವೆ ಒಂದು ಕಪ್ಪು ಚೂರು ಕಂಡಿತ್ತು. ಹಿಕ್ಕೆ ಇರಬೇಕೆಂದುಕೊಂಡು ಚಿಮಟದಲ್ಲಿ ಎತ್ತಿದೆ. ಮೆತ್ತಗಿತ್ತು. ಹಿಕ್ಕೆ ಹಾಗಿರುವುದಿಲ್ಲ. ನಾನು ಮುದ್ದೆ ಉಂಡು ಬೆಳೆದವಳು, ಅದು ಏನೆಂದು ನನಗೆ ಅನುಮಾನ ಬಂತು. ಅಷ್ಟರಲ್ಲಿ ಹಿಂದಿನ ವಾರದ ಅಂಕಿಗಳು ನೆನಪಾದವು. ಬಹಳ ಚೆನ್ನಾಗಿ ಬಂದಿದ್ದವು. ನಾನು ಯಾರನ್ನೂ ಕೇಳಲಿಲ್ಲ. ಆ ಪಂಜರದ ಹೊಟ್ಟನ್ನೆಲ್ಲ ತೆಗೆದು ಹೊಸದು ಹಾಕಿದೆ.

ಪ್ರಬಂಧದ ಆ ಪುಟದಲ್ಲಿ ಅವರ ಹೆಸರಿದೆ, ಅವರು ಹೇಳಿದ ಹಾಗೆಯೇ. ನನ್ನ ಹೆಸರು ಅಲ್ಲಿ ಇಲ್ಲ. ಹೊಟ್ಟು ಬದಲಾಯಿಸುವುದು ಅವರ ಕೆಲಸವಾಗಿತ್ತು. ಅವತ್ತು ಹೊತ್ತಲ್ಲದ ಹೊತ್ತಿನಲ್ಲಿ ಅದನ್ನು ನಾನು ಬದಲಾಯಿಸಿದ್ದನ್ನು ಅವರು ಗಮನಿಸದೆ ಇರಲಾರರು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಏಕೆ ಎಂದು ಕೇಳಲಿಲ್ಲ.